ತೂತು ಬಿದ್ದ ಸೊಪ್ಪಿನ ಬಸ್ಸಾರು

ಮೈಸೂರಿನ ಹಳೇ ಬಡಾವಣೆಯ ಒಂದು ಹಿತ್ತಲು. ಡಿಸೆಂಬರ್ ಬೆಳಗು, ಇಬ್ಬನಿ ಇನ್ನೂ ಆರಿಲ್ಲ. ಮೊರ ಹಿಡಿದ ದೊಡ್ಡಮ್ಮ ಮುಂದೆ. ಬೆಂಗಳೂರಿನ ಮನೆಯ ತಾರಸಿಯಲ್ಲಿ ಎರಡು ವರ್ಷದಿಂದ ತರಕಾರಿ ಬೆಳೆಯುತ್ತಿರುವ ತಂಗಿಯ ಮಗಳು ಹಿಂದೆ.

— ದೊಡ್ಡಮ್ಮ, ಈ ದಂಟಿನ ಸೊಪ್ಪು ನೋಡಿ. ಒಂದೆಲೆಯೂ ಪೂರ್ತಿಯಾಗಿಲ್ಲ. ಇದನ್ನೂ ಕೀಳ್ತೀರಾ?

— ಕೀಳದೆ ಏನು? ಬೆಂದ ಮೇಲೆ ತೂತು ಬಿದ್ದ ಎಲೆಗೂ ಇಡೀ ಎಲೆಗೂ ರುಚೀಲಿ ವ್ಯತ್ಯಾಸ ಇಲ್ಲ. ಎಲೆ ಹಿಂದೆ ತಿರುಗಿಸು, ಏನಾದ್ರೂ ಕಾಣುತ್ತಾ?

— ಸಣ್ಣ ಹಸಿರು ಹುಳ. ಎಲೆ ಮಡಚಿ ಒಳಗೆ ಬಲೆ ಕಟ್ಟಿಕೊಂಡಿದೆ.

— ಅದೇ. ಮಡಚಿದ ಎಲೆಗಳನ್ನ ಮಾತ್ರ ಕಿತ್ತು ಆ ಬಕೆಟ್ಟಿಗೆ ಹಾಕು, ಸೋಪಿನ ನೀರಿದೆ. ಉಳಿದದ್ದು ಮೊರಕ್ಕೆ. ಆಯ್ತಲ್ಲ, ಈ ಸಾಲಿನ ಹುಳ ಇವತ್ತಿಗೆ ಮುಗೀತು, ನಮ್ಮ ಸಾರಿನ ಸೊಪ್ಪೂ ಸಿಕ್ಕಿತು.

— ನಾನು ಹೀಗೆ ಮಾಡಲಿಲ್ಲ. ಹೋದ ತಿಂಗಳು ನನ್ನ ಸೊಪ್ಪಿಗೂ ಇದೇ ಹುಳ ಬಂತು. ಒಂದು ಅಂಗಡೀಲಿ ಕೇಳಿದೆ, ಬಾಟಲಿ ಕೊಟ್ಟರು. ಲೀಟರ್ ನೀರಿಗೆ ಇಷ್ಟು ಅಂದರು, ಅಷ್ಟೇ. ಸಂಜೆ ಸಿಂಪಡಿಸಿದೆ, ಮಾರನೇ ದಿನ ಅದೇ ಸೊಪ್ಪಿನ ಪಲ್ಯ ಮಾಡಿ ಮಗಳ ಡಬ್ಬಿಗೆ ಹಾಕಿದೆ. ವಾರ ಆದಮೇಲೆ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದೆ. ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದು ಅಂತ ಬರೆದಿತ್ತು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ದೊಡ್ಡಮ್ಮ.

— ಹತ್ತೋದಾದರೂ ಹೇಗೆ? ನೋಡು, ಹೊಲದವರು ಕೊಯ್ಲಿಗೆ ದಿನ ಗೊತ್ತು ಮಾಡಿಕೊಳ್ಳಬಹುದು. ಮದ್ದು ಹೊಡೆದು ಇಷ್ಟು ದಿನ ಕಾಯಬೇಕು ಅಂದರೆ ಆ ಲೆಕ್ಕಕ್ಕೆ ಅದು ಹೇಗೋ ಕೂರುತ್ತೆ. ಹಿತ್ತಲಲ್ಲಿ ದಿನಾ ಕೊಯ್ಲೇ. ಇವತ್ತು ನಾಲ್ಕು ಬದನೆ, ನಾಳೆ ಹಿಡಿ ಸೊಪ್ಪು, ನಾಡಿದ್ದು ಒಂದು ಹೀರೆಕಾಯಿ. ಇಲ್ಲಿ ಕಾಯೋ ದಿನ ಅನ್ನೋದು ಎಲ್ಲಿಂದ ಬರಬೇಕು? ಅದಕ್ಕೇ ನಾನು ಇಟ್ಟುಕೊಂಡಿರೋದು ಒಂದೇ ಲೆಕ್ಕ. ಇವತ್ತು ಸಂಜೆ ಗಿಡಕ್ಕೆ ಹಾಕಿದ್ದು ನಾಳೆ ಬೆಳಿಗ್ಗೆ ತೊಳೆದು ಬೇಯಿಸಿ ತಿನ್ನೋ ಹಾಗಿರಬೇಕು. ಹಾಗಿಲ್ಲದ್ದು ಈ ಬಾಗಿಲು ದಾಟಿ ಒಳಗೆ ಬರಬಾರದು.

— ಸಿಪ್ಪೆ ತೆಗೆದರೆ ಹೋಗುತ್ತೆ ಅಂತಾರಲ್ಲ?

— ನಮ್ಮ ಅಡುಗೇಲಿ ಸಿಪ್ಪೆ ಬಿಸಾಕೋರು ಯಾರು? ಹೀರೆಕಾಯಿ ಸಿಪ್ಪೆ ಬೇರೆ ತೆಗೆದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಿಸೆಹಣ್ಣು, ಚೂರು ತೆಂಗಿನಕಾಯಿ ಜೊತೆ ಹುರಿದು ಚಟ್ನಿ ಮಾಡ್ತೀವಿ. ತಿರುಳು ಕೂಟಿಗೆ. ಕುಂಬಳದ ಕಾಯೂ ತಿಂತೀವಿ, ಹೂವೂ ತಿಂತೀವಿ, ಕುಡಿಯನ್ನೂ ಬಿಡಲ್ಲ. ದಂಟಂತೂ ಎಲೆಯಿಂದ ಕಾಂಡದವರೆಗೆ ಎಲ್ಲಾ ಹೊಟ್ಟೆಗೇ. ಮದ್ದು ಕೂರೋ ಜಾಗವೇ ನಮಗೆ ತಿನ್ನೋ ಜಾಗ.

— ಹಾಗಾದರೆ ಹುಳ ಕಂಡಾಗಲೆಲ್ಲ ಕೈಯಲ್ಲೇ ಆರಿಸ್ತಾ ಕೂರಬೇಕಾ? ಕೆಲಸಕ್ಕೆ ಹೋಗೋರಿಗೆ ಅಷ್ಟು ಹೊತ್ತು ಎಲ್ಲಿದೆ?

— ಹುಳ ಹುಡುಕೋಕೆ ಅಂತ ನಾನು ಒಂದು ದಿನವೂ ಇಲ್ಲಿಗೆ ಬಂದಿಲ್ಲ ಕಣೆ. ಸಾರಿಗೆ ಏನಿದೆ ಅಂತ ನೋಡೋಕೆ ಬರ್ತೀನಿ. ಸಾರಿಗೆ ನೋಡೋ ಕಣ್ಣಿಗೆ ಹುಳವೂ ಕಾಣುತ್ತೆ, ಅಷ್ಟೇ. ನೀನು ವಾರಕ್ಕೊಂದು ಸಲ ಭಾನುವಾರ ತಾರಸಿ ಹತ್ತಿದರೆ ಹುಳಕ್ಕೆ ಆರು ದಿನ ಬಿಟ್ಟುಕೊಟ್ಟ ಹಾಗೆ. ದಿನಾ ಹತ್ತು ನಿಮಿಷ ಹತ್ತು, ಒಂದು ಹಿಡಿ ಏನಾದರೂ ಕಿತ್ತುಕೊಂಡು ಇಳಿ. ಬಾ, ಬದನೆ ಗಿಡ ತೋರಿಸ್ತೀನಿ. ನನಗೆ ಅಡುಗೇಲೂ ಹುಳದಲ್ಲೂ ಪಾಠ ಕಲಿಸಿದ್ದು ಇದೇ.

— ಈರನಗೆರೆ ಬದನೆ ತಾನೆ? ಬೀಜ ನೀವೇ ಇಟ್ಟುಕೊಂಡದ್ದಾ?

— ಹ್ಞೂಂ, ಬಲಿತು ಹಳದಿ ತಿರುಗಿದ ಮೇಲೆ ಒಂದೆರಡು ಕಾಯಿ ಬೀಜಕ್ಕೆ ಬಿಡ್ತೀನಿ. ಈಗ ಆ ಕುಡಿ ನೋಡು. ಬಾಕಿ ಗಿಡ ಚೆನ್ನಾಗಿದೆ, ಒಂದು ತುದಿ ಮಾತ್ರ ಜೋತುಬಿದ್ದಿದೆ.

— ನೀರು ಸಾಲದಾಗಿರಬೇಕು.

— ನೀರು ಸಾಲದಿದ್ದರೆ ಇಡೀ ಗಿಡ ಜೋಲುತ್ತೆ. ಒಂದೇ ಕುಡಿ ಜೋತರೆ ಒಳಗೆ ಕೊರಕ ಇದೆ ಅಂತಲೇ ಅರ್ಥ. ಚಿವುಟು. ಇನ್ನೂ ಒಂದು ಬೆರಳು ಕೆಳಗೆ. ಸೀಳಿ ನೋಡು.

— ಅಯ್ಯೋ, ನಸುಗೆಂಪು ಹುಳ!

— ಕುಡಿ ಮತ್ತು ಕಾಯಿಕೊರಕ. ಕಾಯಿ ಬಿಡೋ ಮುಂಚೆ ಕುಡಿಯೊಳಗೆ ಇರುತ್ತೆ, ಕಾಯಿ ಕಚ್ಚಿದ ಮೇಲೆ ಕಾಯಿಗೆ ನುಗ್ಗುತ್ತೆ. ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಒಳಗೆ ಹೊಕ್ಕು ತನ್ನ ಹಿಕ್ಕೆಯಿಂದಲೇ ತೂತು ಮುಚ್ಚಿಕೊಳ್ಳುತ್ತೆ. ಆಮೇಲೆ ಹೊರಗಿಂದ ಏನು ಹೊಡೆದರೂ ಅದಕ್ಕೆ ತಾಗಲ್ಲ. ಮಾರೋದಕ್ಕೆ ಬದನೆ ಬೆಳೆಯೋರು ಮತ್ತೆ ಮತ್ತೆ ಮದ್ದು ಹೊಡೆಯೋದು ಇದಕ್ಕೇ. ಅವರನ್ನ ನಾನು ದೂರಲ್ಲ. ತೂತು ಬಿದ್ದ ಕಾಯಿ ಮಾರುಕಟ್ಟೇಲಿ ಯಾರೂ ಮುಟ್ಟಲ್ಲ ಅಂದರೆ ಅವರಾದರೂ ಏನು ಮಾಡಬೇಕು?

— ಕುಲಾಂತರಿ ಬಿಟಿ ಬದನೆ ಗಲಾಟೆ ಆಗಿದ್ದು ಇದೇ ಹುಳದ್ದಲ್ಲವಾ? 2010ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಸಾರ್ವಜನಿಕ ಸಭೆ ನಡೆದು, ಅದಾದ ಮೂರೇ ದಿನಕ್ಕೆ, 9ನೇ ತಾರೀಕು, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರಲ್ಲ?

— ಇದೇ ಹುಳ. ಹೊಲದ ಮಾತು ದೊಡ್ಡದು, ಅದನ್ನ ಹೊಲದವರೇ ಆಡಬೇಕು. ಆರು ಗಿಡದ ಹಿತ್ತಲಿಗೆ ನನ್ನ ಹೆಬ್ಬೆರಳು ತೋರುಬೆರಳು ಸಾಕು. ಜೋತ ಕುಡಿ ಕಂಡ ದಿನವೇ ಚಿವುಟಿದರೆ ಆ ಹುಳ ಪತಂಗವಾಗಿ ಮತ್ತೆ ಮೊಟ್ಟೆ ಇಡಲ್ಲ. ಚಿವುಟಿದ ಕಡೆ ಎರಡು ಕವಲು ಬೇರೆ ಒಡೆಯುತ್ತೆ. ಇನ್ನು ಕಾಯಿ. ಬಲಿಯೋಕೆ ಬಿಡಬೇಡ, ಎಳೇದೇ ಕಿತ್ತುಬಿಡು. ಎಳೆ ಬದನೆ ಎಣ್ಣೆಗಾಯಿಗೂ ಚೆಂದ, ಗಿಡದಲ್ಲಿ ನಿಲ್ಲೋ ದಿನ ಕಡಿಮೆಯಾದಷ್ಟು ಹುಳ ಹೊಕ್ಕೋದೂ ಕಡಿಮೆ.

— ತೂತು ಇರೋದನ್ನ ಏನು ಮಾಡ್ತೀರಿ?

— ಅರ್ಧ ಹೆಚ್ಚಿ ಹುಳದ ಭಾಗ ಸೋಪಿನ ನೀರಿಗೆ, ಚೆನ್ನಾಗಿರೋ ಅರ್ಧ ಗೊಜ್ಜಿಗೆ. ಹುಳ ಇರೋ ತುಂಡನ್ನ ಹಾಗೇ ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಬೆಳೆದು ವಾಪಸ್ ಬರುತ್ತೆ. ನಮ್ಮಮ್ಮ ಇಡೀ ಬದನೆ ಕೆಂಡಕ್ಕೆ ಹಾಕೋ ಮುಂಚೆ ಒಂದು ಸೀಳು ಹಾಕಿ ಬೆಳಕಿಗೆ ಹಿಡಿದು ನೋಡ್ತಿದ್ದರು. ಸಿಡಿಯಬಾರದು ಅಂತ ಸೀಳ್ತಾರೆ ಅಂದುಕೊಂಡಿದ್ದೆ. ಎರಡೂ ಆಗ್ತಿತ್ತು.

— ಇಲ್ಲಿ ನೋಡಿ, ಈ ಎಲೆ ಜಾಲರಿ ಹಾಗಾಗಿದೆ. ಮೇಲೆ ಗುಲಗಂಜಿ ಹುಳು ಕೂತಿದೆ. ಇದು ಒಳ್ಳೇದಲ್ಲವಾ? ನಾನು ಇದನ್ನ ಮುಟ್ಟೋದೇ ಇಲ್ಲ.

— ಹತ್ತಿರ ಬಗ್ಗಿ ನೋಡು. ಮಿರಮಿರ ಮಿಂಚ್ತಾ ಇದೆಯಾ?

— ಇಲ್ಲ, ಮಂಕಾಗಿದೆ. ಧೂಳು ಮೆತ್ತಿದ ಹಾಗೆ. ಚುಕ್ಕೆ ತುಂಬಾ ಇದೆ.

— ಎಣಿಸಿದರೆ 28 ಬರುತ್ತೆ. ಮೈಮೇಲೆ ಸಣ್ಣ ರೋಮ ಇರೋದರಿಂದ ಮಂಕಾಗಿ ಕಾಣುತ್ತೆ. ಇದು ಎಲೆ ತಿನ್ನೋ ಜಾತಿ. ಮರಿ ಹಳದಿ, ಮೈಯೆಲ್ಲ ಮುಳ್ಳು, ಎಲೆಯಡಿ ಕೂತು ಹಸಿರನ್ನ ಕೆರೆದು ತಿನ್ನುತ್ತೆ. ಒಳ್ಳೇದು ಬೇರೆ, ಹೊಳೆಯೋದು. ಅದು ಗಿಡದ ಹೇನು ತಿನ್ನುತ್ತೆ, ಅದರ ಮರಿಯಂತೂ ಇನ್ನೂ ಹೊಟ್ಟೆಬಾಕ. ಕಪ್ಪಗೆ ಉದ್ದಕ್ಕೆ ಪುಟ್ಟ ಮೊಸಳೆ ಹಾಗಿರುತ್ತೆ. ಜನ ಹೆದರಿ ಅದನ್ನೇ ಹೊಸಕ್ತಾರೆ. ಯಾರು ನಮ್ಮವರು ಅಂತ ಗೊತ್ತಾಗದೆ ಸಿಂಪಡಿಸಿದರೆ ಮೊದಲು ಸಾಯೋದು ನಮ್ಮವರೇ.

— ನನ್ನ ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಾಗ ಬಿಳೀ ಹತ್ತಿಯಂಥ ಹುಳಗಳನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಕೆಲವು ಓಡಾಡ್ತಿದ್ದವು.

— ಚುರುಕಾಗಿ ಓಡಾಡ್ತಿದ್ದವಾ? ಹಾಗಿದ್ದರೆ ಅವು ತಿಗಣೆಯಲ್ಲ, ತಿಗಣೆ ತಿನ್ನೋ ಜೀರುಂಡೆಯ ಮರಿ ಇರಬಹುದು. ವೇಷ ಮಾತ್ರ ಒಂದೇ ಥರ. ಆ ಜೀರುಂಡೆ ಇಲ್ಲಿಯದೇ ಅಲ್ಲ. ಕಾಫಿ ತೋಟದ ಹಸಿರು ಶಲ್ಕ ಕೀಟಕ್ಕೆ ಅಂತ 1898ರಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟಿದ್ದು. ಅದಕ್ಕೆ ಹಿಡಿಸಿದ್ದು ಹಿಟ್ಟು ತಿಗಣೆ.

— ಆ ಮೂಲೆಯ ಪರಂಗಿ ಗಿಡಕ್ಕೂ ತಿಗಣೆ ಬಂದಿತ್ತಲ್ಲ? ನನಗೆ ನೆನಪಿದೆ, ಕಾಯಿಗೆಲ್ಲ ಸುಣ್ಣ ಬಳಿದ ಹಾಗಾಗಿತ್ತು.

— ಅದು ಹೊರಗಿಂದ ಬಂದ ತಿಗಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು. ಆಮೇಲೆ ಪರಂಗಿ, ದಾಸವಾಳ, ಹಿಪ್ಪುನೇರಳೆ, ಮರಗೆಣಸು, ಯಾವುದನ್ನೂ ಬಿಡಲಿಲ್ಲ. ಎಷ್ಟು ಮದ್ದು ಹೊಡೆದರೂ ಮೈಮೇಲಿನ ಮೇಣದಿಂದ ನೀರು ಜಾರಿಹೋಗ್ತಿತ್ತು. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯವರು ಪೋರ್ಟೊ ರಿಕೊದಿಂದ ಒಂದು ಕಣಜ ತರಿಸಿ ಬಿಟ್ಟರು. ಸಾಸಿವೆಗಿಂತ ಸಣ್ಣದು, ಅಸೆರೊಫೇಗಸ್ ಪಪಾಯೆ ಅಂತ ಹೆಸರು. ಅದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತೆ. ಮರಿ ಒಳಗಿಂದ ತಿಂದು ಹೊರಬರುತ್ತೆ. ಅವತ್ತು ನಾನು ಸಿಟ್ಟಿಗೆ ಏನಾದರೂ ಹೊಡೆದಿದ್ದರೆ ಆ ಕಣಜ ಇಲ್ಲಿ ನಿಲ್ತಿರಲಿಲ್ಲ. ಆ ಪರಂಗಿಯ ಕಾಯಿ ಪಲ್ಯವನ್ನ ಈಗಲೂ ತಿಂತಿದೀವಿ.

— ಸುಮ್ಮನಿರೋದೂ ಒಂದು ಕೆಲಸ ಅನ್ನಿ.

— ಎಲ್ಲಾ ಕಡೆ ಅಲ್ಲ. ಅವರೆ ಬಳ್ಳಿ ಕಡೆ ಬಾ, ಇಲ್ಲಿ ಸುಮ್ಮನಿರೋ ಹಾಗಿಲ್ಲ. ಕುಡಿ ನೋಡು.

— ಕಪ್ಪು ಹೇನು ಮುತ್ತಿದೆ. ಇರುವೆ ಸಾಲು ಬೇರೆ.

— ಹೇನು ಸಿಹಿ ಜಿಗಟು ಬಿಡುತ್ತೆ, ಅದಕ್ಕೆ ಇರುವೆ ಅದನ್ನ ಹಸು ಸಾಕಿದ ಹಾಗೆ ಸಾಕುತ್ತೆ. ಗುಲಗಂಜಿ ಹುಳು ಬಂದರೆ ಕಚ್ಚಿ ಓಡಿಸುತ್ತೆ. ಮೊದಲು ಇರುವೆ ದಾರಿ ತಪ್ಪಿಸಬೇಕು. ನಿನ್ನ ತಾರಸೀಲಿ ಅದು ಸುಲಭ, ಕುಂಡವನ್ನ ನೀರಿನ ತಟ್ಟೇಲಿ ಕಲ್ಲಿನ ಮೇಲೆ ಇಡು, ವಾರಕ್ಕೆರಡು ಸಲ ನೀರು ಬದಲಾಯಿಸು, ಸೊಳ್ಳೆ ಆಗಬಾರದು. ಆಮೇಲೆ ಪೈಪಿನ ನೀರನ್ನ ರಭಸವಾಗಿ ಕುಡಿಗೆ ಬಿಡು. ಉದುರಿದ ಹೇನು ಮತ್ತೆ ಹತ್ತೋದು ಕಷ್ಟ. ಇನ್ನೂ ಉಳಿದರೆ ಬೂದಿ. ಇಬ್ಬನಿ ಆರೋ ಮುಂಚೆ, ಈಗ ಮಾಡೋ ಹಾಗೆ, ಬಟ್ಟೇಲಿ ಕಟ್ಟಿ ತಟ್ಟಬೇಕು, ಒದ್ದೆ ಎಲೆಗೆ ಅಂಟುತ್ತೆ. ಹಂಡೆ ಒಲೆ ಇನ್ನೂ ಇಟ್ಟುಕೊಂಡಿರೋದರಲ್ಲಿ ಇದೂ ಒಂದು ಲಾಭ. ಸೌದೆ ಬೂದಿ ಮಾತ್ರ, ಪ್ಲಾಸ್ಟಿಕ್ ಸುಟ್ಟದ್ದು ಬೇಡವೇ ಬೇಡ. ಒಂದೇ ಬುಡಕ್ಕೆ ಸುರಿದರೆ ಮಣ್ಣು ಸೌಳಾಗುತ್ತೆ, ಅದೂ ನೆನಪಿರಲಿ.

— ಬೇವಿನೆಣ್ಣೆ ಹಾಕಿ ನೋಡಿದೆ. ಏನೂ ಆಗಲಿಲ್ಲ ಅನ್ನಿಸಿತು.

— ಬೇವು ಹೊಡೆದ ತಕ್ಷಣ ಹುಳ ಬಿದ್ದು ಸಾಯಲ್ಲ, ಅದಕ್ಕೇ ಜನ ನಂಬಿಕೆ ಕಳೆದುಕೊಳ್ತಾರೆ. ಅದು ಹುಳದ ಹಸಿವು ಕೆಡಿಸುತ್ತೆ, ಪೊರೆ ಕಳಚಿ ಬೆಳೆಯೋದನ್ನ ತಡೆಯುತ್ತೆ. ಎರಡು ಮೂರು ದಿನ ಬೇಕು. ಎಣ್ಣೆಗಿಂತ ನನಗೆ ಬೀಜದ ಕಷಾಯ ಒಗ್ಗಿದೆ. ಆಷಾಢದಲ್ಲಿ ಮರದಡಿ ಬಿದ್ದ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಇಡ್ತೀನಿ. ಸಿಪ್ಪೆ ಬಿಡಿಸಿದ ಬೇಳೆ 50 ಗ್ರಾಂ ಕುಟ್ಟಿ, ಬಟ್ಟೇಲಿ ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕು. ಮಾರನೇ ದಿನ ಹಿಂಡಿ ಸೋಸಿ, ಎಲೆಗೆ ಅಂಟಲಿ ಅಂತ ಚೂರು ಬಾರ್ ಸೋಪು ಕದಡು. ಬಿಸಿಲಿಗೆ ಅದರ ಸತ್ವ ಹೋಗುತ್ತೆ, ಸಂಜೆಗೇ ಹೊಡಿ. ಅವತ್ತು ಮಾಡಿದ್ದು ಅವತ್ತೇ ಮುಗಿಸು. ಎಲೆ ಹಿಂಭಾಗ ಮರೀಬೇಡ. ಒಂದು ಕೊಂಬೆಗೆ ಹೊಡೆದು ಒಂದು ದಿನ ನೋಡಿ ಆಮೇಲೆ ಗಿಡಕ್ಕೆಲ್ಲ ಹೊಡಿ. ಆದರೆ ಹೀರೆ ಬಳ್ಳಿಗೆ ಸಂಜೆ ಹೂವಿನ ಮೇಲೆ ಬೀಳದ ಹಾಗೆ ನೋಡಿಕೋ.

— ಯಾಕೆ?

— ಹೀರೆ ಹೂ ಅರಳೋದೇ ಸಂಜೆ. ಆ ಹೊತ್ತಿಗೆ ಬರೋ ದುಂಬಿ ಪತಂಗ ಬರದಿದ್ದರೆ ಕಾಯಿ ಎಲ್ಲಿಂದ?

— ಹೊಗೆಸೊಪ್ಪಿನ ಕಷಾಯ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಯಾರೋ ಹೇಳಿದರು. ಅದೂ ಗಿಡದ್ದೇ ಅಲ್ಲವಾ?

— ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ. ಅದರಲ್ಲಿರೋ ನಿಕೋಟಿನ್ ಹುಳಕ್ಕೂ ವಿಷ, ಜೇನಿಗೂ ವಿಷ, ನಮಗೂ ವಿಷ, ಕೈ ಚರ್ಮದಿಂದಲೇ ಒಳಗೆ ಹೋಗುತ್ತೆ. ಟೊಮೆಟೊ ಮೆಣಸಿನ ಗಿಡಕ್ಕೆ ಹೊಗೆಸೊಪ್ಪಿನ ನಂಜುರೋಗ ಬೇರೆ ಅಂಟಬಹುದು. ತಿನ್ನೋ ಸೊಪ್ಪಿಗೆ ಅದನ್ನ ತೋರಿಸಲೂ ಬೇಡ. ನಾನು ಹೇಳಿದ ಲೆಕ್ಕಕ್ಕೆ ಅದು ದಕ್ಕಲ್ಲ.

— ಹೀರೆಕಾಯಿ ಇದೊಂದು ಸೊಟ್ಟಗಿದೆ, ಅಂಟು ಸೋರ್ತಿದೆ.

— ಹಣ್ಣಿನ ನೊಣ ಚುಚ್ಚಿದೆ. ಒಳಗೆ ಹುಳ ಬಿದ್ದಿರುತ್ತೆ, ಮಣ್ಣಿಗೆ ಇಳಿದು ಕೋಶ ಆಗುತ್ತೆ. ಕಿತ್ತು ಆ ಬಕೆಟ್ಟಿಗೇ ಹಾಕು. ಹೂ ಬಾಡಿ ಕಾಯಿ ಬೆರಳುದ್ದ ಆದಾಗ ಹಳೇ ಪಂಚೆ ಬಟ್ಟೆ ಚೀಲ ಹಾಕಿ ಕಟ್ತೀನಿ. ಅಗೋ ಆ ನಾಲ್ಕೂ ಹಾಗೇ ಉಳಿದದ್ದು. ಇದಕ್ಕೆ ಇನ್ನೇನೂ ಬೇಡ.

— ಟೊಮೆಟೊ ಪಕ್ಕ ಚೆಂಡುಹೂ ಹಾಕಿದೀರಲ್ಲ, ಪೂಜೆಗಾ?

— ಪೂಜೆಗೂ ಆಯ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ ಹಾಕಿ ಅಂತಾರೆ. ಕಾಯಿಕೊರಕದ ಪತಂಗಕ್ಕೆ ಮೊಟ್ಟೆ ಇಡೋಕೆ ಟೊಮೆಟೊಗಿಂತ ಆ ಹೂವೇ ಇಷ್ಟ. ಗುಟ್ಟು ಇಷ್ಟೇ, ಎರಡೂ ಒಟ್ಟಿಗೇ ಹೂ ಬಿಡಬೇಕು. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂ ಸಸಿ ಅದಕ್ಕಿಂತ ಎರಡು ಮೂರು ವಾರ ಬಲಿತಿರಬೇಕು. ಮೊಗ್ಗು ಹೂ ದಿನಾ ಕೀಳಬೇಕು, ಇಲ್ಲದಿದ್ದರೆ ಹುಳದ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಸರಿ, ಮೊರ ತುಂಬಿತು. ಕುಂಬಳದ ಕುಡಿ ನಾಲ್ಕು, ನುಗ್ಗೆಸೊಪ್ಪು ಒಂದು ಹಿಡಿ ಕಿತ್ಕೊ. ನುಗ್ಗೆ ಬುಡ ನೋಡಿಕೊಂಡು ಕೈ ಹಾಕು.

— ಏನಿದೆ?

— ಈಗಿಲ್ಲ. ಮಳೆಗಾಲದಲ್ಲಿ ಕಂಬಳಿಹುಳು ಹಗಲೆಲ್ಲ ಕಾಂಡದ ಮೇಲೆ ಒಂದೇ ಗುಂಪಾಗಿ ಕೂತಿರುತ್ತೆ, ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತೆ. ಗುಂಪಾಗಿ ಕೂತಾಗಲೇ ಉದ್ದ ಕೋಲಿಗೆ ಪೊರಕೆ ಕಟ್ಟಿ ಸೋಪಿನ ನೀರಿಗೆ ಗುಡಿಸಬೇಕು. ಬರಿಗೈ ತಾಗಿದರೆ ದಿನವೆಲ್ಲ ತುರಿಕೆ. ಇನ್ನೊಂದು, ನಿನ್ನ ಕಡೆ ದೊಡ್ಡ ಬಸವನಹುಳು ಇದೆಯಾ? ಅಂಗೈಯಗಲದ್ದು?

— ಮಳೆ ಬಂದರೆ ಕಾಂಪೌಂಡಿನ ಮೇಲೆಲ್ಲ ಅದೇ.

— ಆಫ್ರಿಕಾದ ಬಸವನಹುಳು ಅದು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಹಾಸು, ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಗುತ್ತೆ. ಗ್ಲೌಸ್ ಹಾಕಿಕೊಂಡು ಆರಿಸಿ ಗಟ್ಟಿ ಉಪ್ಪುನೀರಿಗೆ ಹಾಕು. ಬರಿಗೈಲಿ ಮುಟ್ಟಬೇಡ, ಮಿದುಳಿಗೆ ತೊಂದರೆ ಮಾಡೋ ಜಂತು ಅದರಲ್ಲಿ ಇರಬಹುದು. ಅದು ಹರಿದಾಡೋ ಹಿತ್ತಲಿನ ಸೊಪ್ಪನ್ನ ಹಸಿಯಾಗಿ ತಿನ್ನಲೂ ಬಾರದು. ಒಂದೆಲಗದ ತಂಬುಳಿ ಮಾಡೋದಾದರೂ ಎಲೆಯನ್ನ ತುಪ್ಪದಲ್ಲಿ ಚೆನ್ನಾಗಿ ಬಾಡಿಸಿಕೊಂಡೇ ಅರೀಬೇಕು. ಬಾ ಒಳಗೆ.

ಅಡುಗೆಮನೆ. ಅಗಲ ಪಾತ್ರೆಯಲ್ಲಿ ಉಪ್ಪು ಅರಿಸಿನ ಕದಡಿದ ನೀರು. ಇಬ್ಬರೂ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ.

— ಈ ಕಾಯಲ್ಲೂ ಹುಳ.

— ಇಬ್ಬನಿ ಬಿದ್ದು ಸೊಗಡು ಏರಿದ ಅವರೆ ಅದಕ್ಕೂ ರುಚಿ. ಹುಳ ತೆಗೆದು ಆ ಬಟ್ಟಲಿಗೆ ಹಾಕು, ಪಕ್ಕದ ಮನೆ ಕೋಳಿಗೆ ಆಗುತ್ತೆ. ಕಾಳು ಕೊರೆದಿದ್ದರೆ ಬಿಸಾಕು, ಪಕ್ಕದ ಕಾಳು ಚೆನ್ನಾಗಿದ್ದರೆ ಇಟ್ಕೊ.

— ಸೊಪ್ಪು ಇದೇ ನೀರಲ್ಲಿ ತೊಳೆಯೋದಾ?

— ಕಾಲು ಗಂಟೆ ಮುಳುಗಿಸಿಡು. ಅಡಗಿದ್ದ ಹುಳ ಮೇಲೆ ತೇಲುತ್ತೆ, ಬೂದಿಯೂ ಬಿಡುತ್ತೆ. ಆಮೇಲೆ ಸೊಪ್ಪನ್ನ ಕೈಯಲ್ಲಿ ಎತ್ತಿ ತೆಗಿ, ನೀರನ್ನ ಬಗ್ಗಿಸಬೇಡ, ಬಗ್ಗಿಸಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿಗೇ. ಇನ್ನೆರಡು ಸಲ ಬರೀ ನೀರು.

— ಬಸ್ಸಾರಿಗೆ ಎಲ್ಲಾ ಸೊಪ್ಪೂ ಒಟ್ಟಿಗೇ ಹಾಕ್ತೀರಾ?

— ತೊಗರಿಬೇಳೆ, ಅವರೆಕಾಳು ಮೊದಲು. ಬೇಳೆ ಅರ್ಧ ಬೆಂದ ಮೇಲೆ ದಂಟಿನ ಕಡ್ಡಿ, ಕುಂಬಳದ ಕುಡಿ. ನಾರು ತೆಗೆದಿರಬೇಕು. ಕೊನೇಲಿ ಎಲೆಗಳು. ಬೇಳೆ ಕರಗಬಾರದು, ಒತ್ತಿದರೆ ಮುರಿಯೋ ಹದ ಸಾಕು. ಈಗ ಬಸಿ. ಈ ಕಟ್ಟು ಇದೆಯಲ್ಲ, ಹಿತ್ತಲಿನ ಸತ್ವವೆಲ್ಲ ಇದರಲ್ಲೇ. ಒಂದು ತೊಟ್ಟೂ ಚೆಲ್ಲಬೇಡ.

— ಮಸಾಲೆ?

— ಈರುಳ್ಳಿ, ಬೆಳ್ಳುಳ್ಳಿ ಚೂರು ಎಣ್ಣೇಲಿ ಬಾಡಿಸು. ಧನಿಯ, ಜೀರಿಗೆ, ನಾಲ್ಕು ಮೆಣಸಿನಕಾಳು, ಒಣಮೆಣಸಿನಕಾಯಿ, ಕಾಯಿತುರಿ, ಹುಣಿಸೆಹಣ್ಣು. ಬೆಂದ ಸೊಪ್ಪು ಕಾಳು ಒಂದು ಸೌಟು ಅದರ ಜೊತೆಗೇ ರುಬ್ಬಬೇಕು, ಆಗಲೇ ಸಾರಿಗೆ ಮೈ ಬರೋದು. ಕಟ್ಟಿಗೆ ಹಾಕಿ ಕುದಿಸು. ಬಸಿದ ಸೊಪ್ಪು ಕಾಳು ಪಲ್ಯಕ್ಕೆ, ಕಾಯಿತುರಿ ಸ್ವಲ್ಪ ಹೆಚ್ಚೇ ಇರಲಿ. ಅರ್ಧ ಅರ್ಧ ಉಳಿದ ಆ ಬದನೆಗಳಿಗೆ ಎಣ್ಣೆ ಸವರಿ ಒಲೆಯ ಉರಿ ಮೇಲೆ ಇಡು, ಕಪ್ಪಾಗೋ ತನಕ ತಿರುಗಿಸ್ತಿರು. ಸಿಪ್ಪೆ ಸುಲಿದು, ಹುಣಿಸೆ ರಸ, ಉಪ್ಪು, ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಕಿವುಚಿದರೆ ಗೊಜ್ಜು. ಮುದ್ದೆಗೆ ನೀರು ನಾನಿಡ್ತೀನಿ.

— ಇದನ್ನೆಲ್ಲ ಕಿತ್ತು ಒಂದು ಗಂಟೆಯೂ ಆಗಿಲ್ಲ. ನಿನ್ನೆ ಸಂಜೆ ನೀವು ಹೊಡೆದಿದ್ದು ಬೇವಿನ ಕಷಾಯ ತಾನೆ?

— ಬದನೆ ಸಾಲಿಗೆ ಮಾತ್ರ. ಕೊನೇ ಎಲೆ ಚೂರು ಕಚ್ಚಿ ನೋಡು. ಕಹಿ ಇದ್ದರೆ ಇನ್ನೊಂದು ಸಲ ತೊಳೆದುಬಿಡೋದು.

— ಕಹಿ ಇಲ್ಲ. ಒಗ್ಗರಣೆಗೆ ಕರಿಬೇವು ತರ್ಲಾ? ಎರಡು ಗಿಡ ನೋಡಿದೆ, ಬಾವಿ ಹತ್ತಿರದ್ದು ಹಸಿರಾಗಿದೆ, ಗೋಡೆ ಪಕ್ಕದ್ದು ಬೋಳು ಬೋಳು.

— ಬಾವಿ ಹತ್ತಿರದ್ದರಲ್ಲೇ ಕಿತ್ಕೊಂಡು ಬಾ. ಗೋಡೆ ಪಕ್ಕದ್ದು ಚಿಟ್ಟೆಗೆ ಅಂತಲೇ ಇಟ್ಟಿದ್ದು. ಹಕ್ಕಿ ಹಿಕ್ಕೆಯಂಥ ಮರಿ ಐದಾರು ಇದ್ದವು, ಈಗ ಹಸಿರಾಗಿ ಬೆರಳು ಗಾತ್ರಕ್ಕೆ ಬಂದಿರಬೇಕು. ಬಾವಿ ಗಿಡದಲ್ಲಿ ಅಂಥದ್ದು ಯಾವುದಾದರೂ ಕಂಡರೆ, ಅದು ಕೂತ ಎಸಳನ್ನೇ ಕಿತ್ತು ಆ ಗಿಡದ ಮೇಲೆ ಇಟ್ಟು ಬಾ.